ಗಡಿಗೆಯ ಪಕ್ಕದ ಬಾಟಲಿ

ಗುರುಬಸವ್ವಕ್ಕಾ, ನಿಮ್ಮ ಜರ್ಸಿ ಆಕಳು ಸತ್ತದ್ದು ನೀವು ತಡಮಾಡಿದ್ದರಿಂದಲ್ಲ. ನಾನು ಸತ್ವ ಹೋದ ಮದ್ದು ಚುಚ್ಚಿದ್ದರಿಂದ. ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದೆ — ಬದುಕಿದೆ ಅನ್ನುವುದೂ ದೊಡ್ಡ ಮಾತು, ಹೆದರಿಕೊಂಡೇ ಇದ್ದೆ.

ನಿಂಬರ್ಗಾದ ಆಚೆ ಆ ಸಣ್ಣ ದನದ ದವಾಖಾನೆಯಲ್ಲಿ ನಾನು ಕಂಪೌಂಡರ್. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಉಳಿದ ದಿನ ನಾನೇ ಡಾಕ್ಟರು. ಉಣ್ಣಿ ಕಡಿದು, ರಕ್ತಕ್ಕೆ ಹುಳ ಸೇರಿ, ಆಕಳು ಕೆಂಪಗೆ ಉಚ್ಚೆ ಹೊಯ್ದರೆ ಹಳದಿ ಪುಡಿಯನ್ನು ನೀರಿನಲ್ಲಿ ಕಲಸಿ ಚುಚ್ಚಬೇಕು. ಕಲಸಿದ್ದನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಬಾರದು. ನನಗೆ ಗೊತ್ತಿತ್ತು. ಆದರೂ ಒಂದು ಕರುವಿಗೆ ಕಲಸಿ ಮಿಕ್ಕದ್ದನ್ನು ಚೆಲ್ಲಲು ಮನಸ್ಸಾಗದೆ, ಬಾಟಲಿಗೆ ಒದ್ದೆಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕ ಇಟ್ಟಿದ್ದೆ. ನೀವು ಆಕಳು ಹೊಡೆದುಕೊಂಡು ಬಂದಾಗ ಆ ಮದ್ದು ಕಲಸಿ ಹದಿನೈದು ದಿನ, ಅದೂ ಬೇಸಿಗೆ. ಹೊಸ ಪುಡಿ ಕಪಾಟಿನಲ್ಲೇ ಇತ್ತು. ಹಳೆಯದು ಮೊದಲು ಮುಗಿಯಲಿ ಎಂದು ಅದನ್ನೇ ಚುಚ್ಚಿದೆ.

ಮರುದಿನ ನಿಮ್ಮ ಕೊಟ್ಟಿಗೆಗೆ ಬಂದರೆ ಆಕಳು ನೆಲ ಹಿಡಿದಿತ್ತು. ವಸಡು ಬೆಳ್ಳಗೆ. ಆಗಲಾದರೂ ಹೊಸ ಪುಡಿ ಕಲಸಬಹುದಿತ್ತು — ನಿನ್ನೆಯದಕ್ಕೆ ಏನಾಗಿತ್ತು ಎಂದು ನೀವು ಕೇಳಿಬಿಟ್ಟರೆ? ಆ ಭಯಕ್ಕೇ ಕಲಸಲಿಲ್ಲ. ಸಂಜೆಗೆ ಆಕಳು ಸತ್ತಿತು.

ಅಮಾವಾಸ್ಯೆಯ ದಿನ ದನ ಊರು ದಾಟಿಸಬಾರದೆಂದು ನೀವು ಒಂದು ದಿನ ತಡೆದಿದ್ದಿರಿ. ನೀವೇ ಹೇಳಿದ್ದಿರಿ. ನಾನು ಅದನ್ನೇ ಹಿಡಿದುಕೊಂಡೆ.

“ಅಮಾಸಿ ಅಂತ ಒಂದಿನ ಕೂತ್ರಲ್ಲಕ್ಕಾ, ಅದೇ ಮುಳುವಾತ ನೋಡ್ರಿ.”

ನಾಲ್ಕು ದಿನ ಬಿಟ್ಟು ನೀವು ದವಾಖಾನೆಯ ಬಾಗಿಲಲ್ಲಿ ಬಂದು ನಿಂತಿರಿ. ಎಲ್ಲ ಗೊತ್ತಾಗಿದೆ, ನನ್ನ ನೌಕರಿ ಹೋಯಿತು ಎಂದುಕೊಂಡೆ. ನೀವು ಕೈಮುಗಿದಿರಿ.

“ತಪ್ಪ್ ನಂದೇ ಅದರಿ ಸಾಹೇಬ್ರ. ನೀವು ನಿಮ್ಮ ಕೈಲಾದಷ್ಟು ಮಾಡೀರಿ.”

ನಾನು ಹೌದೆಂದು ತಲೆಯಾಡಿಸಿದೆ. ಮದ್ದಿಗಿಂತ ದೊಡ್ಡ ಪಾಪ ಅದು.

ಆಮೇಲೆ ಅಫಜಲಪುರ, ಜೇವರ್ಗಿ ಎಂದು ವರ್ಗವಾಗುತ್ತ ಹೋದೆ. ಕೆಂಪು ಉಚ್ಚೆಯ ದನ ಬಂದರೆ ಸಾಕು, ಮಿಕ್ಕ ಮದ್ದನ್ನೆಲ್ಲ ಚೆಲ್ಲಿ ಹೊಸ ಪುಡಿ ಕಲಸುತ್ತಿದ್ದೆ. ಮೊನ್ನೆ ನಿಮ್ಮೂರಿನವನೊಬ್ಬ ಸಿಕ್ಕಿದ್ದ. ಮಾತಿಗೆ ಮಾತು ಬೆಳೆದಾಗಲೆಲ್ಲ ನಿಮ್ಮ ಸೊಸೆ, ಅಮಾಸಿ ಹಿಡಿದು ಹಾಲು ಕೊಡುವ ಆಕಳನ್ನು ಕೊಂದವರು ಎಂದು ಇವತ್ತಿಗೂ ನಿಮ್ಮನ್ನು ಹಂಗಿಸುತ್ತಾಳಂತೆ. ತಪ್ಪು ನಂದೇ ಎಂದು ನೀವೂ ಒಪ್ಪಿಕೊಳ್ಳುತ್ತೀರಂತೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬಸ್ಸಿಗೆ ಬರುತ್ತೇನೆ. ಹೆದರಿಕೆ ಹೋಗಿಲ್ಲ, ನಿಮ್ಮನ್ನು ಕಂಡರೆ ನಾಲಗೆ ಹೊರಳದೆ ಹೋದೀತು — ಅದಕ್ಕೇ ಬರೆದಿಟ್ಟುಕೊಂಡೆ. ನಿಮ್ಮ ಸೊಸೆಯನ್ನೂ ಹೊರಗೆ ಕರೆಯಿರಿ. ಆಕೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತೇನೆ.