ಅಪಾಯಣ್ಣ ಬರೆದ ಲಿಫ್ಟು

ಕಚೇರಿಯಲ್ಲಿ ಅವರಿಗೆ ಅಪಾಯಣ್ಣ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಯಾರೇ ಇಟ್ಟಿರಲಿ, ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಹೊಸ ಫ್ಯಾನು ಹಾಕಿದರೆ ಅದರ ಕೆಳಗೆ ಕೂರುವವರಲ್ಲ. ಟೀ ಲೋಟವನ್ನು ಮೇಜಿನ ಅಂಚಿನಿಂದ ಒಂದು ಗೇಣು ಒಳಗೆ ಸರಿಸಿಯೇ ಮಾತಿಗೆ ಶುರು. ಯಾರಾದರೂ ಮಗಳ ಮದುವೆ ಗೊತ್ತಾಯಿತೆಂದು ಸಿಹಿ ಹಂಚಿದರೆ, ಅದನ್ನು ಬಾಯಿಗೆ ಹಾಕಿಕೊಳ್ಳುತ್ತಲೇ, "ಅಡುಗೆಯವರು ಕೊನೇ ಗಳಿಗೇಲಿ ಕೈ ಕೊಟ್ರೆ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಸಿಹಿ ಹಂಚಿದವರ ಮುಖ ಇಳಿದುಹೋಗುತ್ತಿತ್ತು.

ಅವರ ಕೆಲಸವೇ ಅದು. ನಮ್ಮದು ಕಟ್ಟಡ ಕಟ್ಟುವ ಇಲಾಖೆ. ಒಂದು ಕೆಲಸಕ್ಕೆ ಗುದ್ದಲಿ ಮುಟ್ಟಿಸುವ ಮುಂಚೆ ಅದನ್ನು ಹೇಗೆ ನಡೆಸುತ್ತೇವೆ ಎಂದು ಪೂರ್ತಿ ಬರೆದು ಒಪ್ಪಿಗೆ ತೆಗೆದುಕೊಳ್ಳಬೇಕು. ಏನು ಕಟ್ಟುತ್ತೇವೆ, ಏನು ಕಟ್ಟುವುದಿಲ್ಲ, ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಎಡವಬಹುದು, ಎಡವಿದರೆ ಯಾರು ಹೊಣೆ. ಇದಕ್ಕೆ ನಿರ್ವಹಣಾ ಯೋಜನೆ ಎಂದು ಹೆಸರು. ಅವರು ಬರೆಯುವವರು, ನಾನು ಟೈಪು ಮಾಡುವವಳು. ಬೇರೆಯವರ ಯೋಜನೆಯಲ್ಲಿ ಅಪಾಯಗಳ ಪುಟ ಒಂದಿದ್ದರೆ ಇವರದರಲ್ಲಿ ಒಂದು ಕಂತೆ ಇರುತ್ತಿತ್ತು. ನನ್ನ ಬೆರಳಿನ ಗಂಟುಗಳು ಇವತ್ತು ನೋಯುವುದಕ್ಕೆ ಅವರ ಭಯಗಳೇ ಕಾರಣ ಎಂದು ನಾನು ಎಷ್ಟೋ ಸಲ ಅವರ ಮುಖಕ್ಕೇ ಹೇಳಿದ್ದೇನೆ.

ಹೊಣೆಗಾರರ ಕಾಲಮ್ಮಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ನಮ್ಮವರು ಯಾರೂ ಮನುಷ್ಯರ ಹೆಸರು ಬರೆಯುತ್ತಿರಲಿಲ್ಲ, ಹುದ್ದೆ ಬರೆಯುತ್ತಿದ್ದರು. ಅದೂ ಖಾಲಿ ಬಿದ್ದಿರುವ ಹುದ್ದೆ. ವಿದ್ಯುತ್ ವಿಭಾಗದ ಉಪ ಮೇಲ್ವಿಚಾರಕರ ಕುರ್ಚಿ ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಖಾಲಿ. ಆ ಇಲ್ಲದ ಪುಣ್ಯಾತ್ಮನ ತಲೆಯ ಮೇಲೆ ಊರಿನ ಅರ್ಧ ಕಟ್ಟಡಗಳ ಭಾರವಿತ್ತು. ಗೋಡೆ ಬಿರುಕು ಬಿಟ್ಟರೂ ಅವನೇ, ಮೋಟರು ಸುಟ್ಟರೂ ಅವನೇ. ಕಾರಣ ಕೇಳಿ ನೋಟಿಸು ಹೋದರೆ ತೆಗೆದುಕೊಳ್ಳುವವರಿಲ್ಲದೆ ವಾಪಸು ಬರುತ್ತಿತ್ತು, ಅಲ್ಲಿಗೆ ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು. ಇದು ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಹೊಸದಾಗಿ ಸೇರಿದವರಿಗೆ ರಜೆ ಅರ್ಜಿ ಬರೆಯುವುದನ್ನು ಹೇಳಿಕೊಟ್ಟಷ್ಟೇ ಸಲೀಸಾಗಿ ಇದನ್ನೂ ಹೇಳಿಕೊಡುತ್ತಿದ್ದೆವು. ಅಪಾಯಣ್ಣ ಕೂಡ ಬಹುಕಾಲ ಹಾಗೆಯೇ ಬರೆದುಕೊಂಡು ಬಂದವರು.

ಅವರ ಹೆಂಡತಿಯನ್ನು ನಾನು ಅತ್ತಿಗೆ ಎಂದು ಕರೆಯುತ್ತಿದ್ದೆ. ಇಲಾಖೆಯ ವಸತಿಗೃಹದ ಮೂರನೇ ಮಹಡಿಯಲ್ಲಿ ನಮ್ಮದು ಎದುರುಬದುರು ಬಾಗಿಲು. ಅತ್ತಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರು. ಗಂಡನಿಗೆ ಎಲ್ಲದರಲ್ಲೂ ಭಯ ಕಂಡರೆ ಈಕೆಗೆ ಯಾವುದರಲ್ಲೂ ಇಲ್ಲ. ಮೆಟ್ಟಿಲು ಹತ್ತುವಾಗ ನನ್ನ ಬೆನ್ನಿಗೊಂದು ಗುದ್ದಿ, "ನಡೀರೀ, ಕುಂಬಳಕಾಯಿ ಹೊತ್ತವರ ಥರ ಏನ್ ಹತ್ತೋದು!" ಎನ್ನುತ್ತಿದ್ದರು. ಆ ಅತ್ತಿಗೆ ಒಂದು ದಿನ ಶಾಲೆಯ ಮೈದಾನದಲ್ಲೇ ಕುಸಿದು ಬಿದ್ದರು. ಲಕ್ವ ಹೊಡೆದು ಎಡಗೈ, ಎಡಗಾಲು ಹೋದವು. ಮಾತು, ಬುದ್ಧಿ, ಸಿಟ್ಟು ಎಲ್ಲ ಇದ್ದಂತೆಯೇ ಉಳಿದವು.

ಆಸ್ಪತ್ರೆಯಿಂದ ಕರೆತಂದ ದಿನ ವಾರ್ಡಿನ ಇಬ್ಬರು ಆಕೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಎರಡನೇ ಮಹಡಿಯ ತಿರುವಿನಲ್ಲಿ ಕುರ್ಚಿಯ ಕಾಲು ಮುರಿಯಿತು. ಅತ್ತಿಗೆ ಒಂದೇ ಕೈಯಲ್ಲಿ ಕಂಬಿ ಹಿಡಿದು ಜೋತುಬಿದ್ದರು. ನಾನು ಹಿಂದೆ ಇದ್ದೆ, ಆ ಕೂಗು ಇನ್ನೂ ಕಿವಿಯಲ್ಲಿದೆ. ಹೇಗೋ ಮೇಲೆ ತಂದು ಮಲಗಿಸಿದೆವು, ಭುಜ ಜಾರಿತ್ತು. ಮನೆಗೆ ಬಂದು ನೋಡಿದ ಡಾಕ್ಟರು, "ಇನ್ನೊಂದ್ಸಲ ಹೀಗೆ ಹೊತ್ತಾಡಬೇಡಿ" ಎಂದರು. ಅಪಾಯಣ್ಣ ಅದನ್ನು ಶಿಲಾಶಾಸನ ಮಾಡಿಕೊಂಡರು. ಹೆಂಡತಿಯ ಹಾಸಿಗೆಯ ಪಕ್ಕ ಕೂತು, "ನಿನ್ನ ಇನ್ನು ಯಾರ ಕೈಗೂ ಕೊಡಲ್ಲ. ಲಿಫ್ಟು ಹಾಕಿಸ್ತೀನಿ. ನೀನು ಗಾಲಿ ಕುರ್ಚೀಲಿ ಕೂತು ರಾಣಿ ಹಾಗೆ ಇಳೀಬೇಕು" ಎಂದರು. ಅತ್ತಿಗೆ ನಕ್ಕರು. ನಂಬಿಯೂ ಬಿಟ್ಟರು.

ನೆಲಮಟ್ಟದ ಮನೆ ಕೇಳಬಹುದಿತ್ತಲ್ಲ ಎಂದರೆ, ಕೇಳಿದ್ದರು. ನಮ್ಮ ವಸತಿಗೃಹದ ನೆಲ ಅಂತಸ್ತಿನಲ್ಲಿ ಇಲಾಖೆಯ ಹಳೆಯ ಕಡತಗಳು ವಾಸ. ಕಡತಗಳಿಗೆ ಮೆಟ್ಟಿಲು ಹತ್ತುವುದು ಕಷ್ಟ ನೋಡಿ, ಅದಕ್ಕೇ ಅವು ಕೆಳಗೆ, ನಾವು ಮೇಲೆ. ಹೊರಗಿನ ಬಾಡಿಗೆ ಮತ್ತು ಔಷಧಿ ಎರಡನ್ನೂ ಒಂದೇ ಸಂಬಳದಲ್ಲಿ ತೂಗಿಸುವ ಮಾತಾಗಿರಲಿಲ್ಲ.

ಅತ್ತಿಗೆಗೆ ಒಬ್ಬಳೇ ತಂಗಿ. ನಮ್ಮ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು, ಅಂಗಡಿಯ ಹಿಂದೆಯೇ ಮನೆ. ಮೊದಮೊದಲು ದಿನವೂ ಸಂಜೆ ಅಕ್ಕನ ಬಳಿ ಬಂದು ತಲೆ ಬಾಚಿ, ಜಡೆ ಹಾಕಿ, ಜಗಳವಾಡಿ ಹೋಗುತ್ತಿದ್ದಳು. ಆಮೇಲೆ ಅವಳ ಹೃದಯ ಕೈಕೊಟ್ಟಿತು. ಮೆಟ್ಟಿಲು ಹತ್ತಕೂಡದು ಎಂದಾಯಿತು. ಒಬ್ಬಳಿಗೆ ಇಳಿಯುವ ಹಾಗಿಲ್ಲ, ಇನ್ನೊಬ್ಬಳಿಗೆ ಹತ್ತುವ ಹಾಗಿಲ್ಲ. ಮಧ್ಯೆ ಒಂದು ಬೀದಿ. ಕೂಗಿದರೆ ಕೇಳುವಷ್ಟು ಹತ್ತಿರದವರು ಫೋನಿನಲ್ಲಿ ಮಾತಾಡಿಕೊಂಡು ಅಳುತ್ತಿದ್ದರು.

ಆಗ ಅಪಾಯಣ್ಣ ಲಿಫ್ಟಿನ ಯೋಜನೆಗೆ ಕೂತರು. ಹೆಂಡತಿಗಾಗಿ ಎಂದು ಎಲ್ಲೂ ಬರೆಯುವಂತಿಲ್ಲ, ನಿವಾಸಿಗಳ ಮನವಿ ಎಂದು ಎಲ್ಲರ ಸಹಿ ತೆಗೆದುಕೊಂಡರು. ಪ್ರತಿ ಮನೆಗೂ ಹೋಗಿ ಯಾರಿಗೆ ಮೊಣಕಾಲು ನೋವು, ಯಾರಿಗೆ ಕೈಗೂಸು ಎಂದು ಕೇಳಿ ಬರೆದರು. ಗುಂಡಿ ತೋಡುವಾಗ ನೀರಿನ ಪೈಪು ಒಡೆದರೆ ಏನು, ವಿದ್ಯುತ್ ಹೋದಾಗ ಒಳಗೆ ಸಿಕ್ಕಿಕೊಂಡವರನ್ನು ತೆಗೆಯುವುದು ಹೇಗೆ, ಬಾಗಿಲಿನ ಅಗಲ ಗಾಲಿ ಕುರ್ಚಿಗೆ ಸಾಕೇ ಎಂದೆಲ್ಲ ಬರೆದು ಹರಿದು ಮತ್ತೆ ಬರೆದರು. ನಾನು ಅವರ ಯೋಜನೆಗಳನ್ನು ಸಾಕಷ್ಟು ಬೈದುಕೊಂಡೇ ಟೈಪು ಮಾಡಿದವಳು, ಇದನ್ನು ಮಾತ್ರ ಬಾಯಿ ಮುಚ್ಚಿಕೊಂಡು ಮಾಡಿದೆ. ಅಷ್ಟು ಚೆನ್ನಾಗಿತ್ತು.

ಕೊನೆಗೆ ಹೊಣೆಗಾರರ ಕಾಲಮ್ಮು ಬಂತು. ನೋಡಿದರೆ ಮೇಲಿನಿಂದ ಕೆಳಗಿನವರೆಗೂ ಅವರದೇ ಹೆಸರು. ಹುದ್ದೆಯಲ್ಲ, ಅಪ್ಪ ಅಮ್ಮ ಇಟ್ಟ ಹೆಸರು.

"ಏನಣ್ಣಾ ಇದು? ತಲೆ ನೆಟ್ಟಗಿದೆಯಾ? ನಮ್ಮ ಉಪ ಮೇಲ್ವಿಚಾರಕ ಎಲ್ಲಿಗೆ ಹೋದ?" ಎಂದೆ.

"ಇಲ್ಲದೋನು ಲಿಫ್ಟ್ ತರ್ತಾನೇನಮ್ಮಾ? ಇದು ಆಗಲೇಬೇಕಾದ ಕೆಲಸ. ಆಗಲೇಬೇಕು ಅಂದ್ರೆ ಇರೋನೇ ಹೊರಬೇಕು," ಎಂದರು.

ಇಷ್ಟು ವರ್ಷ ಬರೆದದ್ದೆಲ್ಲ ಆಗದಿದ್ದರೂ ನಡೆಯುತ್ತದೆ ಎಂದೇ ಬರೆದದ್ದು ಎಂದು ಅವರು ಬಾಯಿಬಿಟ್ಟು ಹೇಳಿದ ಹಾಗಾಯಿತು. ನಾನು ಆ ಹೆಸರನ್ನೇ ಟೈಪು ಮಾಡಿದೆ.

ಯೋಜನೆ ಒಪ್ಪಿಗೆಯಾಯಿತು. ದೊಡ್ಡ ಸಾಹೇಬರು ಸಭೆಯಲ್ಲಿ ಹೊಗಳಿದರು. ಗುತ್ತಿಗೆದಾರ ಬಂದು ಮೆಟ್ಟಿಲಿನ ಪಕ್ಕ ಸುಣ್ಣದ ಗೆರೆ ಎಳೆದು ಗುಂಡಿ ತೋಡಿಸಿದ. ಗುದ್ದಲಿಯ ಸದ್ದು ಮೇಲಿನವರೆಗೂ ಕೇಳಿಸುತ್ತಿತ್ತು. ಅತ್ತಿಗೆ ಫೋನಿನಲ್ಲಿ ತಂಗಿಗೆ, "ಕೇಳಿಸ್ತಿದೆಯೇನೇ? ನನ್ನ ಲಿಫ್ಟು ಕಣೇ ಅದು! ಬಂದು ನಿನ್ನ ಅಂಗಡೀಲೇ ಕೂತ್ಕೋತೀನಿ, ಗುಂಡಿ ಹೊಲಿದುಕೊಡ್ತೀನಿ, ಒಂದು ಕೈ ಸಾಕು" ಎಂದು ಹೇಳಿ ಅವಳನ್ನು ನಗಿಸುತ್ತಿದ್ದರು. ಆ ದಿನಗಳಲ್ಲಿ ಆ ಮನೆಯಲ್ಲಿ ಒಗ್ಗರಣೆಯ ಸದ್ದೂ ಬೇರೆಯೇ ಇತ್ತು.

ಗುಂಡಿ ಮುಗಿಯುವ ಹೊತ್ತಿಗೆ ತನಿಖಾ ವಿಭಾಗದಿಂದ ಆಕ್ಷೇಪಣೆ ಬಂತು. ಹೊಣೆ ಹೊತ್ತವರು ಕೆಲಸ ಮುಗಿಯುವ ಮುಂಚೆಯೇ ನಿವೃತ್ತರಾಗುತ್ತಾರೆ, ಆದ್ದರಿಂದ ಯೋಜನೆಗೆ ಹೊಣೆಗಾರರೇ ಇಲ್ಲದಂತಾಗುತ್ತದೆ, ಕೆಲಸ ನಿಲ್ಲಿಸಿ ಪರಿಷ್ಕರಿಸಿ ಸಲ್ಲಿಸಿ ಎಂದು. ಜಗತ್ತಿನ ಅಪಾಯಗಳನ್ನೆಲ್ಲ ಬರೆದ ಮನುಷ್ಯ ತನ್ನ ನಿವೃತ್ತಿಯನ್ನು ಬರೆಯಲು ಮರೆತಿದ್ದರು. ಹುಟ್ಟಿಯೇ ಇಲ್ಲದ ಮೇಲ್ವಿಚಾರಕನ ಮೇಲೆ ಕಟ್ಟಡಗಳನ್ನೇ ಹೊರಿಸಿದಾಗ ತುಟಿ ಬಿಚ್ಚದವರಿಗೆ, ಇರುವ ಮನುಷ್ಯ ಹೊತ್ತಾಗ ನಿಯಮ ನೆನಪಾಯಿತು. ನನಗೆ ಬಂದ ಕೋಪಕ್ಕೆ ಆ ಕಾಗದವನ್ನು ಅಲ್ಲೇ ಹರಿದು ಹಾಕಬೇಕೆನಿಸಿತ್ತು.

"ಹೋಗ್ಲಿ, ಹುದ್ದೆಗಳನ್ನೇ ಹಾಕಿ ಕಳಿಸೋಣ," ಎಂದೆ. ಅದಕ್ಕೂ ದಾರಿಯಿರಲಿಲ್ಲ. ಒಮ್ಮೆ ಹೆಸರು ಬಂದ ಕಡೆ ಮತ್ತೆ ಹೆಸರೇ ಬರಬೇಕು, ಆ ಹೆಸರಿನವರು ಒಪ್ಪಿ ಸಹಿ ಹಾಕಬೇಕು ಎಂದು ತನಿಖೆಯವರು ಪಟ್ಟು ಹಿಡಿದರು. ಅಪಾಯಣ್ಣ ಒಂದೊಂದೇ ಮೇಜಿನ ಮುಂದೆ ಹೋಗಿ ನಿಂತರು. ಜೊತೆಗೆ ಊಟ ಮಾಡಿದವರು, ಅವರಿಂದ ಕೆಲಸ ಕಲಿತವರು, ಎಲ್ಲರೂ ಕುರ್ಚಿ ಎಳೆದು ಕೂರಿಸಿದರು, ಅತ್ತಿಗೆಯ ಆರೋಗ್ಯ ಕೇಳಿದರು. ಸಹಿ ಎಂದ ಕೂಡಲೇ, "ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್, ಹೆಸರು ಹಾಕ್ಬಾರ್ದು ಅಂತ?" ಎಂದು ಜಾರಿಕೊಂಡರು. ಟೈಪಿಸ್ಟ್ ಹೆಸರು ಹಾಕಬಹುದೇ ಎಂದು ನಾನು ಸಾಹೇಬರನ್ನು ಕೇಳಿದೆ. ಅವರು ನಗಾಡಿದರು. ಗುತ್ತಿಗೆದಾರ ಗುಂಡಿಯ ಮೇಲೆ ಹಲಗೆ ಮುಚ್ಚಿಸಿ ಹೋದ.

ತಂಗಿಯ ಸ್ಥಿತಿ ಕೆಡುತ್ತ ಬಂತು. ಫೋನಿನಲ್ಲಿ ಎರಡು ಮಾತಿಗೇ ಏದುಸಿರು. ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಅತ್ತಿಗೆ ಗಂಡನನ್ನು ಕೂಗಿ, "ರೀ, ನಾನು ಕೂತ್ಕೊಂಡೇ ಇಳಿದುಬಿಡ್ತೀನಿ. ಒಂದೊಂದೇ ಮೆಟ್ಲು ಜಾರ್ಕೊಂಡು. ಒಂದ್ಸಲ ಅವಳನ್ನ ನೋಡ್ಬೇಕು ಕಣ್ರೀ" ಎಂದರು.

ಅಪಾಯಣ್ಣನ ಮುಖ ಬಿಳಿಚಿಕೊಂಡಿತು. "ಹುಚ್ಚಾ ನಿಂಗೆ? ತಿರುವಿನಲ್ಲಿ ಆಯ ತಪ್ಪಿದ್ರೆ? ಮತ್ತೆ ಲಕ್ವ ಹೊಡೆದ್ರೆ? ಯಾರು ಹೊಣೆ? ಒಂದು ಸಹಿ ಸಿಕ್ಕಿದ್ರೆ ಕೆಲಸ ಶುರುವಾಗುತ್ತೆ. ಸ್ವಲ್ಪ ತಡ್ಕೋ."

"ಖಂಡಿತಾ ಬರುತ್ತಾ?"

"ಬರುತ್ತೆ. ನಾನೇ ಬರೆದಿದ್ದೀನಲ್ಲ."

ಆಕೆ ತಡೆದುಕೊಂಡರು. ತಂಗಿ ತಡೆದುಕೊಳ್ಳಲಿಲ್ಲ. ಸುದ್ದಿ ಬಂದಾಗ ಅಪಾಯಣ್ಣ ಸ್ಟ್ರೆಚರಿಗೆಂದು ಆಸ್ಪತ್ರೆಗೆ ಓಡಿದರು. ತಂದ ಸ್ಟ್ರೆಚರು ಮೆಟ್ಟಿಲ ತಿರುವಿನಲ್ಲಿ ತಿರುಗಲಿಲ್ಲ. ಅದನ್ನು ಹಾಗೆ ಹೀಗೆ ವಾಲಿಸಿ ನೋಡುವಷ್ಟರಲ್ಲಿ ತಂಗಿಯನ್ನು ಸ್ಮಶಾನಕ್ಕೆ ಒಯ್ದಿದ್ದರು. ಅತ್ತಿಗೆ ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಪಾಯಣ್ಣ ಅಡುಗೆಮನೆಯಲ್ಲಿ ನಿಂತು ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತರು.

ನಿವೃತ್ತಿಯಾಯಿತು. ಹಾರ ಹಾಕಿದರು, ಗಡಿಯಾರ ಕೊಟ್ಟರು, ವಸತಿಗೃಹ ಖಾಲಿ ಮಾಡಿ ಎಂಬ ಪತ್ರವನ್ನೂ ಕೊಟ್ಟರು. ಊರಿನ ಆ ತುದಿಯಲ್ಲಿ ನೆಲಮಟ್ಟದ ಒಂದು ಕೋಣೆಯ ಮನೆ ಸಿಕ್ಕಿತು. ಸಾಮಾನು ಸಾಗಿಸಿದ ದಿನ ಅಪಾಯಣ್ಣ ಆಸ್ಪತ್ರೆಯಿಂದ ಇಬ್ಬರನ್ನು ಕರೆಸಿದ್ದರು. ಅವರು ತಿರುವನ್ನು ನೋಡಿದರು, ಗುಂಡಿಯ ಮೇಲಿನ ಹಲಗೆ ನೋಡಿದರು, "ಬಿದ್ರೆ ನಮ್ಮ ತಲೆ ಮೇಲೆ ಬರುತ್ತೆ ಸಾರ್" ಎಂದು ಹೋಗಿಬಿಟ್ಟರು. ಅಪಾಯಣ್ಣ ಖಾಲಿ ಮನೆಯ ನಡುವೆ ತಲೆ ಮೇಲೆ ಕೈ ಹೊತ್ತು ಕೂತರು.

ಅತ್ತಿಗೆ ಯಾರನ್ನೂ ಕೇಳಲಿಲ್ಲ. ನನ್ನ ಹೆಗಲು ಹಿಡಿದು ಹೊಸ್ತಿಲು ದಾಟಿ, ಮೊದಲ ಮೆಟ್ಟಿಲ ಮೇಲೆ ಕೂತರು. ಬಲಗೈ ಊರಿದರು, ಬಲಗಾಲು ಕೆಳಗಿಟ್ಟರು, ಸರಿದು ಒಂದು ಮೆಟ್ಟಿಲು ಇಳಿದರು. ಎಡಗಾಲನ್ನು ಕೈಯಿಂದ ಎತ್ತಿ ಜೊತೆಗೆ ಇಟ್ಟುಕೊಂಡರು. ಮತ್ತೊಂದು. "ಬೇಡ, ಬೇಡ ಕಣೇ" ಎನ್ನುತ್ತ ಅಪಾಯಣ್ಣ ಕೆಳಗಿನಿಂದ ಎರಡೂ ಕೈ ಚಾಚಿಕೊಂಡು ಹಿಂದುಹಿಂದಕ್ಕೆ ಇಳಿಯುತ್ತಿದ್ದರು. ಕೈ ಬೇಕಾಗಲಿಲ್ಲ. ತಿರುವಿನಲ್ಲಿ ಆಕೆ ಗೋಡೆಗೆ ಒರಗಿ ಸುಧಾರಿಸಿಕೊಂಡರು, ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಇಳಿದರು. ಡ್ರಿಲ್ ಟೀಚರ ಮೈ ಲೆಕ್ಕ ತಪ್ಪಲಿಲ್ಲ.

ಕೊನೆಯ ಮೆಟ್ಟಿಲ ಮೇಲೆ ಕೂತು ಆಕೆ ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿದರು. ಉಸಿರು ಸಮಕ್ಕೆ ಬರುವವರೆಗೂ ಕಾದರು.

"ಇಷ್ಟೇನಾ?" ಎಂದರು. "ಇಷ್ಟೇ ಆಗಿತ್ತೇನ್ರೀ? ಅವತ್ತೇ ಇಳಿದುಬಿಡ್ತಿದ್ದೆ. ನೀವು ಲಿಫ್ಟು ಬರುತ್ತೆ ಅಂದ್ರಿ. ನಾನು ನಂಬಿ ಕೂತೆ."

ಅಪಾಯಣ್ಣ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿ ಹೆಂಡತಿಯ ಎಡಗಾಲಿಗೆ ಚಪ್ಪಲಿ ಹಾಕಲು ನೋಡಿದರು. ಮರಗಟ್ಟಿದ ಬೆರಳು ಒಳಗೆ ಹೋಗಲಿಲ್ಲ. ಅತ್ತಿಗೆ ಆಗ ಅತ್ತರು, ತಂಗಿ ಸತ್ತ ಮೇಲೆ ಮೊದಲ ಸಲ, ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ.

ಇಬ್ಬರೂ ಸೇರಿ ಆಕೆಯನ್ನು ಆಟೋದಲ್ಲಿ ಕೂರಿಸಿದೆವು. ಆಟೋದವನು, "ಹಿಂದಿನ ಬೀದಿಯಿಂದ ಹೋದ್ರೆ ಹತ್ತಿರ ಆಗುತ್ತಮ್ಮಾ" ಎಂದ.

"ಆ ಬೀದಿ ಬೇಡ," ಎಂದರು ಅತ್ತಿಗೆ. "ಸುತ್ತಾದ್ರೂ ಪರವಾಗಿಲ್ಲ, ಬೇರೆ ಕಡೆಯಿಂದ ಹೋಗಪ್ಪ."