ಹತ್ತೂ ಬೆರಳಿನ ಬಣ್ಣ

ಕಳೆದ ಲೋಕಸಭಾ ಚುನಾವಣೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ನಾನು ಬನಹಟ್ಟಿಯ ಒಂದು ಶಾಲೆಯ ಮೂಲೆಯ ಕೋಣೆಯಲ್ಲಿ ಕರಿಹಲಗೆಯ ಎಡಕ್ಕೆ ನಿಂತಿದ್ದೆ. ಶಾಯಿ ಹಚ್ಚುವ ಮೇಜು ನನ್ನ ಎದುರಿಗೇ ಇತ್ತು. ನಾನು ಜಮಖಂಡಿಯಲ್ಲಿ ಬ್ಯಾಂಕಿನ ಗುಮಾಸ್ತ. ಅಂದು ವೀಕ್ಷಕನಾಗಿ ಕಳಿಸಿದ್ದರು. ಪಕ್ಷಗಳಿಗೂ ಮತಗಟ್ಟೆಯ ಸಿಬ್ಬಂದಿಗೂ ಸೇರದವನು. ನೋಡಬೇಕು, ಕಂಡದ್ದನ್ನು ಸಂಜೆ ಮೇಲಿನವರಿಗೆ ತಿಳಿಸಬೇಕು, ನಡುವೆ ಬಾಯಿ ಹಾಕಬಾರದು. ಗೋಡೆ ಕಾಯುವ ಕೆಲಸ ಎಂದೇ ಬೆಳಗಿನಿಂದ ಅಂದುಕೊಂಡಿದ್ದೆ.

ಸರದಿ ಬಂದ ಹೆಂಗಸೊಬ್ಬಳು ಸರಸರನೆ ಒಳಗೆ ಬಂದು ಉಳಿದ ಬೆರಳು ಮಡಚಿ ಎಡಗೈಯ ತೋರುಬೆರಳು ಚಾಚಿದಳು. ಉಗುರೂ ಅದರ ಬುಡವೂ ಕಪ್ಪಾಗಿದ್ದವು.

ಪಕ್ಷವೊಂದರ ಏಜೆಂಟ್ ಬೆಂಚಿನಿಂದ ಎದ್ದ. "ಇಕಿ ಆಗಲೇ ಹಾಕ್ಯಾಳ್ರೀ! ಬೊಟ್ಟು ನೋಡ್ರಿ!"

"ನೂಲಿನ ಬಣ್ಣರೀ ಅದು. ನೂಲಿಗೆ ಬಣ್ಣ ಹಾಕಾಕಿ ನಾ," ಎಂದಳು ಹೆಂಗಸು.

"ಎಲ್ಲಾರೂ ಹಂಗ ಅಂತಾರ ಬಿಡು."

ಮತಗಟ್ಟೆಯ ಮುಖ್ಯಾಧಿಕಾರಿ ಮುಧೋಳದ ಕಡೆಯ ಮಾಸ್ತರರು. ಆಗತಾನೇ ಊಟದ ಡಬ್ಬಿ ಬಿಚ್ಚಿದ್ದರು. ತಲೆಯೆತ್ತದೆ, "ಸಂಜಿ ಮುಂದ ಬಾರವ್ವಾ, ನೋಡೂಣು," ಎಂದರು.

"ಕೊಪ್ಪರಿಗ್ಯಾಗ ನೂಲು ಬಿಟ್ಟು ಬಂದೇನ್ರೀ. ಅದನ್ನ ತಗದ ಕೂಡ್ಲೇ ಇನ್ನೊಂದು ಇಳಸಬೇಕು. ಈಗ ಹ್ವಾದ್ರ ಮತ್ತ ಬರಾಕ ಆಗಂಗಿಲ್ಲ."

ಅವಳು ಹಿಂದಕ್ಕೆ ತಿರುಗಿಯೂಬಿಟ್ಟಳು. ಅವಳ ಮತ ಬಾಗಿಲು ದಾಟಿ ಹೊರಟಿತ್ತು. ನಾನು ಕರಿಹಲಗೆ ಬಿಟ್ಟು ಮೇಜಿನ ಹತ್ತಿರ ಹೋದೆ. ಅವಳ ಕೈ ನೋಡಿದೆ, ಆಮೇಲೆ ಅಧಿಕಾರಿಯ ಮುಖ ನೋಡಿದೆ. ಅವರು ನನ್ನ ಕೊರಳಿನ ವೀಕ್ಷಕನ ಬಿಲ್ಲೆಯನ್ನು ಕಂಡರು. ಡಬ್ಬಿ ಮುಚ್ಚಿದರು.

"ನಿಲ್ಲವ್ವಾ. ಎರಡೂ ಕೈ ತೋರಸು."

ತೋರಿಸಿದಳು. ಹತ್ತೂ ಬೆರಳು ಕಪ್ಪು.

ಅವಳ ಹಿಂದಿದ್ದ ಮುದುಕಿ ಏಜೆಂಟನ ಕಡೆ ಕತ್ತು ಚಾಚಿದಳು. "ಹತ್ತು ಓಟು ಹಾಕ್ಯಾಳೇನೋ ಯಪ್ಪಾ? ನಮಗೂ ಒಂದೀಟು ಉಳಿಸ್ಯಾಳೋ ಇಲ್ಲೋ?"

ಸಾಲಿಗೆ ಸಾಲೇ ನಕ್ಕಿತು. ಏಜೆಂಟ್ ಮಾತ್ರ ಬಿಡಲಿಲ್ಲ. "ಈ ಕರೀ ಬೊಟ್ಟಿಗೆ ಶಾಯಿ ಹಚ್ಚಿದ್ರ ಕಾಣತೈತೇನ್ರೀ? ಮತ್ತ ಬಂದ್ರ ಹೆಂಗ ಗುರತಾ ಹಿಡೀತೀರಿ?"

ಅದು ನ್ಯಾಯವಾದ ಮಾತು. ಅಧಿಕಾರಿ ತಮ್ಮ ಡಬ್ಬಿಯಿಂದ ನಿಂಬೆಹಣ್ಣಿನ ಹೋಳು ತೆಗೆದುಕೊಟ್ಟರು. ಅವಳು ಉಗುರನ್ನು ತಿಕ್ಕಿದಳು, ಸೆರಗಿಗೆ ಒರೆಸಿದಳು, ಮತ್ತೆ ತಿಕ್ಕಿದಳು. ಮೆಲ್ಲಗೆ ಉಗುರಿನ ಬಿಳುಪು ಕಂಡಿತು. ಏಜೆಂಟ್ ಬಗ್ಗಿ ನೋಡಿದ.

"ಆತು. ಹಚ್ರಿ."

ಶಾಯಿ ಬಿತ್ತು. ಅವಳು ರಟ್ಟಿನ ಮರೆಗೆ ಹೋದಳು, ಮತಯಂತ್ರ ಬೀಪ್ ಎಂದು ಉದ್ದಕ್ಕೆ ಕೂಗಿತು. ಬೆಳಗಿನಿಂದ ಎಷ್ಟು ಸಲ ಕೇಳಿದ್ದೆನೋ. ಆ ಸಲ ಕೂಗಿ ಕುಣಿಯಬೇಕೆನಿಸಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು.

ಇದನ್ನು ನಾನೊಬ್ಬನೇ ಕಂಡದ್ದಲ್ಲ. ಆ ಅಧಿಕಾರಿ ನಿವೃತ್ತರಾಗಿ ಬೀಳಗಿಯಲ್ಲಿದ್ದಾರೆ. ಏಜೆಂಟ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ಕೈ ಎತ್ತುತ್ತಾನೆ. ಆ ಮುದುಕಿ ರಬಕವಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಗಟ್ಟಿಯಾಗಿದ್ದಾಳೆ. ಬಣ್ಣದವಳು ಎದುರಾದಾಗಲೆಲ್ಲ, "ಏ ಹತ್ತು ಓಟಿನಾಕಿ!" ಎಂದು ಕೂಗುತ್ತಾಳಂತೆ, ಅವಳು ಓಡುತ್ತಲೇ ಎಡಗೈ ಎತ್ತಿ ತೋರಿಸುತ್ತಾಳಂತೆ.