ಕೊನೆಯ ಅಧ್ಯಾಯ ಪ್ರಿಂಟಾದ ಮಧ್ಯಾಹ್ನ

ಯಂತ್ರಗಳ ವಿಷಯದಲ್ಲಿ ನಾನು ಪವಾಡವನ್ನು ನಂಬಿದವನಲ್ಲ. ಕೆಟ್ಟರೆ ಕಾರಣವಿರುತ್ತದೆ, ಸರಿಹೋದರೂ ಕಾರಣವಿರುತ್ತದೆ ಎನ್ನುತ್ತಿದ್ದೆ. ನೀವು ನಂಬದಿದ್ದರೆ ಬೇಸರವಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಪದ್ಮನಾಭನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು, ಒಂದೇ ಕಂಪ್ಯೂಟರ್. ಧಾರವಾಡದ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ವಿಮಲಾ ಎಂಬ ಉಪನ್ಯಾಸಕಿ ತಮ್ಮ ಪಿಎಚ್.ಡಿ. ಪ್ರಬಂಧವನ್ನು ನನ್ನಲ್ಲೇ ಟೈಪ್ ಮಾಡಿಸಿದ್ದರು. ಅಂದು ಸಂಜೆ ಐದರೊಳಗೆ ಸಲ್ಲಿಸದಿದ್ದರೆ ಅವರ ಆರು ವರ್ಷದ ಕೆಲಸ ನೀರುಪಾಲು. ಕೊನೆಯ ಅಧ್ಯಾಯದ ಪ್ರಿಂಟ್ ಮಾತ್ರ ಬಾಕಿಯಿತ್ತು.

ಕಂಪ್ಯೂಟರ್ ತೆವಳುತ್ತಿದೆಯೆಂದು ಹಿಂದಿನ ದಿನ ನಾನೇ ಇನ್ನೊಂದು ರ್‍ಯಾಮ್ ತಂದಿದ್ದೆ; ಈ ಮೆಮೊರಿ ಪಟ್ಟಿ ಒಂದಾದರೂ ಇಲ್ಲದೆ ಕಂಪ್ಯೂಟರ್ ಶುರುವೇ ಆಗದು. ಬೆಳಿಗ್ಗೆ ಅದನ್ನು ಹಳೆಯದರ ಪಕ್ಕ ಸಿಕ್ಕಿಸಿ ಸ್ವಿಚ್ ಒತ್ತಿದರೆ ಪರದೆ ಕಪ್ಪು. ಒಳಗಿನಿಂದ ಉದ್ದನೆಯ ಬೀಪ್. ಎರಡೂ ಬೇರೆ ಬೇರೆ ವೇಗದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಸದನ್ನು ಕಿತ್ತು ಹಳೆಯದೊಂದನ್ನೇ ಹಾಕಿದೆ. ಆಗಲೂ ಬೀಪ್. ಸ್ಲಾಟ್ ಬದಲಿಸಿದೆ. ಬೀಪ್. ಮೆಕ್ಯಾನಿಕ್ ಫೋನಿಗೆ ಸಿಗಲಿಲ್ಲ. ಫ್ಲಾಪಿಗೆ ಪ್ರತಿ ಮಾಡಿಟ್ಟಿರಲೂ ಇಲ್ಲ; ಆ ತಪ್ಪೂ ನನ್ನದೇ.

ಎರಡು ಗಂಟೆಗೆ ಬಂದ ವಿಮಲಾ ನನ್ನ ಮುಖ ನೋಡಿಯೇ ಕುಸಿದು ಕುಳಿತರು. "ಹೆಂಗಾರ ಮಾಡ್ರಿ ಸರ. ಇನ್ನೊಮ್ಮೆ ಟೈಮ್ ಕೊಡಂಗಿಲ್ಲ ಅವರು."

ಅವರ ಅಳು ನೋಡಲಾರದೆ ಎರಡೂ ರ್‍ಯಾಮ್‌ಗಳನ್ನು ಬಿಚ್ಚಿದೆ, ಅಂಚುಗಳನ್ನು ರಬ್ಬರಿನಿಂದ ಉಜ್ಜಿ ಮೇಜಿನ ಮೇಲಿನ ಪೇಪರ್ ಮೇಲಿಟ್ಟೆ. ಮುಖ ತೊಳೆಯಲು ಹಿಂದಕ್ಕೆ ಹೋದೆ.

ಬರುವಷ್ಟರಲ್ಲಿ ಕಂಪ್ಯೂಟರ್ ಆನ್ ಆಗಿತ್ತು. ಏನು, ಹೇಗೆ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಫೈಲ್ ತೆರೆದೆ, ಪ್ರಿಂಟ್ ಕೊಟ್ಟೆ. ಮೂವತ್ತೊಂದು ಪುಟ ಬಂದವು. ಕೊನೆಯದು ಬಿದ್ದೊಡನೆ ಪರದೆ ಆರಿಹೋಯಿತು.

ಆಗ ನೋಡಿದೆ. ಎರಡೂ ರ್‍ಯಾಮ್‌ಗಳು ಪೇಪರ್ ಮೇಲೇ ಇದ್ದವು.

"ನೀವೇನಾದ್ರೂ ಮುಟ್ಟಿದ್ರಾ ಮೇಡಂ?"

"ಇಲ್ರಿ. ನೀವ ಆನ್ ಮಾಡಿ ಹೋದ್ರಲ್ಲ?"

ನಾನು ಮಾಡಿರಲಿಲ್ಲ. ಮತ್ತೆ ಸ್ವಿಚ್ ಒತ್ತಿದೆ. ಬೀಪ್.

ಅವರು ಆಟೋ ಹಿಡಿದು ಓಡಿದರು, ಪ್ರಬಂಧ ಸ್ವೀಕಾರವಾಯಿತು. ಮರುದಿನ ಬಂದ ಮೆಕ್ಯಾನಿಕ್ ನಡೆದದ್ದನ್ನು ಕೇಳಿ ನಕ್ಕ. "ಹಳೇದು ಸತ್ತೋಗಿದೆ, ಹೊಸದು ಈ ಬೋರ್ಡ್‌ಗೆ ಆಗಲ್ಲ. ಎರಡೂ ಇಲ್ದೆ ಸ್ಕ್ರೀನೇ ಬರಲ್ಲ ಗುರು. ಬೇರೆ ಕಡೆ ಪ್ರಿಂಟ್ ತೆಗೆಸಿರ್ತೀಯ, ಟೆನ್ಷನ್‌ನಲ್ಲಿ ಮರ್ತಿದೀಯ."

ಆದರೆ ಆ ಪುಟಗಳನ್ನು ಜೋಡಿಸಿ ವಿಮಲಾ ಅವರ ಕೈಗಿಟ್ಟವನು ನಾನು. ಅವು ಇನ್ನೂ ಬಿಸಿಯಾಗಿದ್ದವು.